ಕುಂಡದೊಳಗಿನ ಮರ ಒಣಗಿದಾಗ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯ ಕಿಟಕಿಯ ಬಳಿ ಒಂದೂವರೆ ಗೇಣೆತ್ತರದ ಮರವೊಂದಿದೆ. ಆಲದ ಬಳಗಕ್ಕೆ ಸೇರಿದ ಫೈಕಸ್ ಮೈಕ್ರೊಕಾರ್ಪ ಎಂಬ ಜಾತಿಯದು. ಬಯಲಿನಲ್ಲಿ ಬೆಳೆದಿದ್ದರೆ ಒಂದು ಸಂತೆಗೆ ನೆರಳಾಗಬಹುದಾಗಿದ್ದ ಇದನ್ನು, ಬೇರು ಕೊಂಬೆಗಳನ್ನು ಕಾಲಕಾಲಕ್ಕೆ ಕತ್ತರಿಸುತ್ತ, ಊಟದ ತಟ್ಟೆಯಷ್ಟು ಅಗಲದ ಕುಂಡದಲ್ಲಿ ಇಪ್ಪತ್ತು ವರ್ಷ ಸಾಕಿದವರು ನಮ್ಮ ವಿಭಾಗದ ಹಿರಿಯ ಅಧ್ಯಾಪಕರು. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೋನ್ಸಾಯಿ ಎಂಬ ಹೆಸರಿನಿಂದ ಬೆಳೆದ ಕಲೆಯಿದು. ನಿವೃತ್ತರಾದ ದಿನ ಅವರು ಕುಂಡವನ್ನು ನಮ್ಮ ವಶಕ್ಕೆ ಒಪ್ಪಿಸಿದರು. ಮರುವರ್ಷದ ಬೇಸಿಗೆಯಲ್ಲಿ ಪ್ರಯೋಗಶಾಲೆಗೆ ಬೀಗ ಹಾಕಿ ಊರಿಗೆ ಹೊರಟ ನಾವು ಅದನ್ನು ಮರೆತೇಬಿಟ್ಟೆವು. ೧೬೨೫ರಿಂದ ಕುಂಡದಲ್ಲಿ ಬೆಳೆಯುತ್ತಿರುವ ಜಪಾನಿನ ಪೈನ್ ಮರವೊಂದು ೧೯೪೫ರ ಹಿರೋಷಿಮಾದ ಬಾಂಬನ್ನೂ ದಾಟಿ, ೧೯೭೬ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಹೋಯಿತು. ಅದನ್ನು ಸಾಕಿದ ತಲೆಮಾರುಗಳಲ್ಲಿ ನಮ್ಮಂಥ ಮರೆಗುಳಿಗಳು ಇರಲಿಲ್ಲವೆನ್ನಬೇಕು.

ಮೂರು ವಾರದ ಮೇಲೆ ಬಾಗಿಲು ತೆರೆದಾಗ ಕಂಡದ್ದು ಬರಿಯ ಕಡ್ಡಿಗಳು. ಎಲೆಗಳು ಬಹುಪಾಲು ಮೇಜಿನ ಮೇಲೆ ಉದುರಿದ್ದವು. ತುದಿಯ ಕೊಂಬೆಯಲ್ಲಿ ಮಾತ್ರ ಸುರುಟಿಕೊಂಡ ಎಲೆಗಳು ಇನ್ನೂ ಅಂಟಿಕೊಂಡಿದ್ದವು. ಇಂಥ ಸಮಯದಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಕಾಲು ಲೀಟರು ನೀರು ತಂದು ಸುರಿದೆವು. ಕ್ಷಣಮಾತ್ರದಲ್ಲಿ ನೀರು ತಳದ ರಂಧ್ರದಿಂದ ಇಳಿಯಿತು. ಮಣ್ಣು ನೆನೆಯಿತೆಂದು ನೆಮ್ಮದಿಪಟ್ಟು, ಆಮೇಲೆ ಅಭ್ಯಾಸಬಲದಿಂದ ತಟ್ಟೆಯ ನೀರನ್ನು ಅಳತೆಯ ಜಾಡಿಗೆ ಹಾಕಿ ನೋಡಿದರೆ, ಸುರಿದುದರಲ್ಲಿ ಹತ್ತನೆಯ ಒಂದು ಪಾಲೂ ಕುಂಡದಲ್ಲಿ ಉಳಿದಿರಲಿಲ್ಲ!

ಇದಕ್ಕೆ ಕಾರಣವೇನು? ಕೆಸುವಿನ ಎಲೆಯ ಮೇಲೆ ನೀರು ಹನಿಯಾಗಿ ಹೊರಳುವುದನ್ನು ವಾಚಕರು ನೋಡಿರುತ್ತಾರೆ. ಎಲೆಗೊಬ್ಬರ ಬೆರೆತ ಮಣ್ಣು ಪೂರ್ತಿಯಾಗಿ ಒಣಗಿದರೆ ಅದರ ಕಣಗಳೂ ಹಾಗೆಯೇ ವರ್ತಿಸುತ್ತವೆ; ಮೇಣದಂಥ ಪದಾರ್ಥಗಳ ತೆಳುವಾದ ಲೇಪ ಅವುಗಳ ಮೇಲಿರುತ್ತದೆ. ನೀರಿಗೂ ಕಣಕ್ಕೂ ನಡುವಣ ಸ್ಪರ್ಶಕೋನ ೯೦ ಡಿಗ್ರಿಗಳನ್ನು ಮೀರಿದರೆ, ನೀರನ್ನು ಸಂದುಗಳೊಳಕ್ಕೆ ಎಳೆಯಬೇಕಾದ ಮೇಲ್ಮೈ ಎಳೆತವೇ ಅದನ್ನು ಹೊರದೂಡುತ್ತದೆ. ಇದರ ಜೊತೆಗೆ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ನೀರು ಆ ಬಿರುಕಿನಲ್ಲಿಯೇ ಜಾರಿಹೋಗುವುದು. ದಿನವೂ ನೀರೆರೆದರೂ ಬೇರಿನ ಮುದ್ದೆ ಒಣಗಿಯೇ ಇರಬಹುದು.

ಆದ್ದರಿಂದ ಕುಂಡವನ್ನೇ ನೀರಿನೊಳಗೆ ಇಡಬೇಕು. ಬೋಗುಣಿಯೊಂದರಲ್ಲಿ ಕುಂಡದ ಅಂಚು ಮುಳುಗುವಷ್ಟು ನೀರು ತುಂಬಿ ನಿಧಾನವಾಗಿ ಇಳಿಸಿದೆವು. ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಗಾಳಿ ಹೊರಬಂದಷ್ಟೇ ನೀರಿಗೆ ಒಳಗೆ ಸ್ಥಳ. ಗುಳ್ಳೆಗಳು ನಿಂತಾಗ ಮಣ್ಣು ನೆನೆದಂತೆ. ನಮಗೆ ಇದಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು.

ಮರ ಜೀವಂತವಾಗಿದೆಯೆ ಎಂಬುದು ಮುಂದಿನ ಪ್ರಶ್ನೆ. ಎಲೆ ಉದುರಿದ ಕೊಂಬೆಗಿಂತ ಎಲೆ ಅಂಟಿಕೊಂಡಿರುವ ಕೊಂಬೆಯೇ ಹೆಚ್ಚು ಅಪಾಯದಲ್ಲಿರುತ್ತದೆಂದರೆ ವಾಚಕರಿಗೆ ವಿಚಿತ್ರವೆನಿಸಬಹುದು. ತೊಟ್ಟಿನ ಬುಡದಲ್ಲಿ ಜೀವಂತ ಕೋಶಗಳು ಬೇರ್ಪಡುವ ಪದರವೊಂದನ್ನು ಸಿದ್ಧಪಡಿಸಿದರೆ ಮಾತ್ರ ಎಲೆ ಕಳಚಿ ಬೀಳುತ್ತದೆ. ನೀರಿನ ಖರ್ಚನ್ನು ನಿಲ್ಲಿಸಲು ಮರವು ತಾನಾಗಿ ಮಾಡುವ ಕೆಲಸವದು. ಅದಕ್ಕೂ ಅವಕಾಶವಿಲ್ಲದೆ ಸತ್ತ ಕೊಂಬೆಯಲ್ಲಿ ಎಲೆ ಹಾಗೆಯೇ ಒಣಗಿ ನಿಲ್ಲುತ್ತದೆ. ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದರೆ ಸಂದೇಹ ಪರಿಹಾರವಾಗುವುದು. ತುದಿಯಲ್ಲಿ ಕಂದು ಬಣ್ಣ ಕಂಡಿತು. ಕೆಳಗಿಳಿಯುತ್ತ ಬಂದಂತೆ ಹಸಿರು, ಬುಡದ ಹತ್ತಿರ ಒಂದು ಹನಿ ಹಾಲು. ಕೋಶಗಳೊಳಗೆ ಒತ್ತಡ ಇನ್ನೂ ಉಳಿದಿದ್ದರೆ ಮಾತ್ರ ಹಾಲು ಜಿನುಗುತ್ತದೆ. ಆ ಹನಿಯನ್ನು ನೋಡಿ ನಾವು ಕುರ್ಚಿ ಎಳೆದು ಕುಳಿತೆವು. (ಜುನಿಪರ್ ಜಾತಿಯ ಬೋನ್ಸಾಯಿಗಳಲ್ಲಿ ಈ ಸಮಾಧಾನವಿಲ್ಲ. ಸತ್ತ ಮೇಲೂ ಅವು ಕೆಲವು ವಾರ ಹಸಿರಾಗಿಯೇ ಕಾಣುವುದರಿಂದ, ಬಣ್ಣ ಕೆಡುವ ವೇಳೆಗೆ ಕಾಲ ಮೀರಿರುತ್ತದೆ.)

ಬೇರಿಗೆ ನೀರು ಮುಟ್ಟಿದ ಮಾತ್ರಕ್ಕೆ ಕೊಂಬೆಗೆ ಮುಟ್ಟಿತೆನ್ನುವಂತಿಲ್ಲ. ಹೀರುವ ಪಂಪು ಸುಮಾರು ೧೦ ಮೀಟರಿಗಿಂತ ಮೇಲಕ್ಕೆ ನೀರನ್ನು ಎಳೆಯಲಾರದೆಂದು ಹೈಸ್ಕೂಲಿನ ವಿದ್ಯಾರ್ಥಿಯೂ ಬಲ್ಲನು. ಕ್ಯಾಲಿಫೋರ್ನಿಯದ ರೆಡ್‌ವುಡ್ ಮರಗಳಾದರೋ ೧೦೦ ಮೀಟರಿಗೂ ಮೇಲೆ ಎಲೆಗಳಿಗೆ ನೀರುಣಿಸುತ್ತವೆ. ೧೮೯೪ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬ ಐರ್ಲೆಂಡಿನ ವಿಜ್ಞಾನಿಗಳು ಇದಕ್ಕೆ ವಿವರಣೆ ಕೊಟ್ಟರು. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುವುದರಿಂದ, ಎಲೆಯಲ್ಲಿ ನೀರು ಆವಿಯಾದಂತೆ ಬೇರಿನವರೆಗಿನ ಇಡೀ ಎಳೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ಮಣ್ಣು ಒಣಗಿದಷ್ಟೂ ಈ ಎಳೆ ಬಿಗಿಯಾಗುತ್ತದೆ. ಎಷ್ಟೋ ಬೆಳೆಗಳು ಬಾಡಿ ಮತ್ತೆ ಏಳಲಾರದ ಹಂತದಲ್ಲಿ ಮಣ್ಣಿನ ನೀರಿನ ಎಳೆತ ಸುಮಾರು ೧೫ ವಾಯುಭಾರಗಳಷ್ಟು. ಅದು ಇನ್ನೂ ಹೆಚ್ಚಿದರೆ ಎಳೆ ತುಂಡಾಗಿ ನಾಳದೊಳಗೆ ಆವಿಯ ಗುಳ್ಳೆ ಹುಟ್ಟುವುದು. ೧೯೬೬ರಲ್ಲಿ ಮಿಲ್ಬರ್ನ್ ಮತ್ತು ಜಾನ್ಸನ್ ಎಂಬುವರು ಬಾಡುತ್ತಿರುವ ಹರಳೆಲೆಗೆ ಸೂಕ್ಷ್ಮ ಧ್ವನಿಗ್ರಾಹಕವನ್ನು ಜೋಡಿಸಿ, ನಾಳಗಳಲ್ಲಿ ನೀರು ಹರಿಯುವ 'ಟಿಕ್ ಟಿಕ್' ಸದ್ದನ್ನು—ಇಲ್ಲಿ ಹರಿಯುವುದೆಂದರೆ ತುಂಡಾಗುವುದು—ಕೇಳಿದರು. ಬೀಗ ಹಾಕಿದ ನಮ್ಮ ಪ್ರಯೋಗಶಾಲೆಯಲ್ಲಿಯೂ ಆ ಮೂರು ವಾರ ಅದೇ ಸದ್ದು ನಡೆದಿರಬೇಕು, ಕೇಳುವವರಿಲ್ಲದೆ.

ಇನ್ನು ಮಾಡಬೇಕಾದದ್ದು ಎಳೆತವನ್ನು ತಗ್ಗಿಸುವುದು. ಕುಂಡಸಹಿತ ಮರಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಮುಚ್ಚಿ, ಬಿಸಿಲು ನೇರವಾಗಿ ಬೀಳದ, ಆದರೆ ಬೆಳಕಿರುವ ಜಾಗದಲ್ಲಿಟ್ಟೆವು. ೩೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನ ಸಂತೃಪ್ತ ಆವಿಯ ಒತ್ತಡ ಸುಮಾರು ೩೨ ಮಿಲಿಮೀಟರು. ಕೋಣೆಯ ಸಾಪೇಕ್ಷ ಆರ್ದ್ರತೆ ಶೇಕಡಾ ೪೦ ಇದ್ದರೆ ಗಾಳಿಯಲ್ಲಿ ೧೯ ಮಿಲಿಮೀಟರಿನ ಕೊರತೆಯಿರುತ್ತದೆ. ಚೀಲದೊಳಗೆ ಶೇಕಡಾ ೯೫ ಇದ್ದರೆ ಕೊರತೆ ೧.೬ ಮಾತ್ರ. ಮರದಿಂದ ನೀರನ್ನು ಸೆಳೆಯುವ ಕಾರಣವೇ ಹನ್ನೆರಡನೆಯ ಒಂದು ಪಾಲಿಗೆ ಇಳಿಯಿತು. ಎಳೆತ ಸಡಿಲವಾದರೆ ಚಿಕ್ಕ ಗುಳ್ಳೆಗಳು ನೀರಿನಲ್ಲಿ ಕರಗಬಹುದು. ಕೆಟ್ಟುಹೋದ ನಾಳಗಳಿಗೆ ಬದಲಾಗಿ ತೊಗಟೆಯಡಿಯ ಹಸಿರು ಪದರದ ಒಳಬದಿಯಲ್ಲಿ ಹೊಸವು ಹುಟ್ಟುತ್ತವೆ.

ಗೊಬ್ಬರ ಹಾಕಲಿಲ್ಲ, ಲವಣ ಹೆಚ್ಚಾದರೆ ಬೇರಿಗೆ ನೀರು ಹೀರುವುದು ಮತ್ತಷ್ಟು ಕಷ್ಟ. ಮತ್ತೆ ಮತ್ತೆ ಮುಳುಗಿಸಲೂ ಇಲ್ಲ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಸದಾ ಒದ್ದೆಯಾದ ಮಣ್ಣಿನಲ್ಲಿ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಎರಡು ದಿನಕ್ಕೊಮ್ಮೆ ಕುಂಡವನ್ನು ತೂಗಿ, ತೂಕ ಇಳಿದಾಗಲಷ್ಟೇ ನೀರು ಕೊಟ್ಟೆವು.

ಹದಿನೇಳನೆಯ ದಿನ ಕೆಳಗಿನ ಕೊಂಬೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊಗ್ಗು ಕಂಡಿತು. ಎಲೆಗಳು ಅಂಟಿಕೊಂಡಿದ್ದ ತುದಿ ಮಾತ್ರ ಚಿಗುರಲಿಲ್ಲ. ಸುದ್ದಿಯನ್ನು ಹಿರಿಯರಿಗೆ ತಿಳಿಸಲು ನಮಗೆ ಇನ್ನೂ ಒಂದು ವಾರ ಬೇಕಾಯಿತು. ಅವರು ಕತ್ತರಿ ಹಿಡಿದು ಬಂದರು. ಕೆರೆದು ನೋಡಿ, ಕಂದು ಮುಗಿದು ಹಸಿರು ಮೊದಲಾಗುವಲ್ಲಿ ತುದಿಯನ್ನು ಕತ್ತರಿಸಿದರು. "ಮೊದಲಿನ ಆಕಾರಕ್ಕೆ ಇನ್ನು ಎಂಟು ವರ್ಷ ಬೇಕಪ್ಪ, ನೀರು ತಪ್ಪಿಸದಿದ್ದರೆ" ಎಂದರು. ರಜೆಯ ದಿನಗಳಲ್ಲಿ ಕುಂಡ ಈಗ ನಮ್ಮ ಮನೆಯಲ್ಲಿರುತ್ತದೆ.