'ಮೃತ್ಯುಂಜಯ'ದ ಜನಪ್ರಿಯತೆ: ಒಂದು ಮೌಲ್ಯವಿವಾದ

೧

ಮಹಾಭಾರತದ ಆಧುನಿಕ ಅಧ್ಯಯನದಲ್ಲಿ ಪುಣೆಗೆ ಹಿರಿದಾದ ಸ್ಥಾನವಿದೆ. ಅಲ್ಲಿಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯು ೧೯೧೯ರಲ್ಲಿ ಕೈಗೆತ್ತಿಕೊಂಡ ಮಹಾಭಾರತದ ಸಂಶೋಧಿತ ಆವೃತ್ತಿಯ ಕಾರ್ಯವು ೧೯೬೬ರಲ್ಲಿ ಪೂರ್ಣಗೊಂಡಿತು. ದೇಶದ ನಾನಾ ಭಾಗಗಳಿಂದ ಸಂಗ್ರಹಿಸಿದ ೧,೨೫೯ ಹಸ್ತಪ್ರತಿಗಳನ್ನು ಪರಿಶೀಲಿಸಿ, ಪಾಠಾಂತರಗಳನ್ನು ತೂಗಿನೋಡಿ, ಪ್ರಕ್ಷಿಪ್ತವೆಂದು ತೋರಿದ್ದನ್ನು ಅಡಿಟಿಪ್ಪಣಿಗಳಿಗೂ ಅನುಬಂಧಗಳಿಗೂ ಸರಿಸಿ ನಡೆಸಿದ ಮಹಾಕಾರ್ಯವದು. ಅದರ ಮರುವರ್ಷ, ಅಂದರೆ ೧೯೬೭ರಲ್ಲಿ, ಅದೇ ನಗರದಿಂದ ಮಹಾಭಾರತವನ್ನು ಕುರಿತ ಎರಡು ಮರಾಠಿ ಕೃತಿಗಳು ಪ್ರಕಟವಾದವು. ಒಂದು, ಡೆಕ್ಕನ್ ಕಾಲೇಜಿನ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ ಪ್ರಬಂಧಸಂಕಲನ 'ಯುಗಾಂತ'. ಇನ್ನೊಂದು, ಕೊಲ್ಹಾಪುರದಲ್ಲಿ ಶಾಲಾ ಶಿಕ್ಷಕರಾಗಿದ್ದ, ಇನ್ನೂ ಇಪ್ಪತ್ತೇಳರ ಹರೆಯದ ಶಿವಾಜಿ ಸಾವಂತ ಅವರ ಬೃಹತ್ ಕಾದಂಬರಿ 'ಮೃತ್ಯುಂಜಯ'. ಮೊದಲನೆಯದನ್ನು ದೇಶಮುಖ ಆಣಿ ಕಂಪನಿಯೂ ಎರಡನೆಯದನ್ನು ಕಾಂಟಿನೆಂಟಲ್ ಪ್ರಕಾಶನವೂ ಹೊರತಂದವು.

ಒಂದೇ ಊರು, ಒಂದೇ ವರ್ಷ, ಒಂದೇ ಮೂಲ. ಆದರೆ ಈ ಎರಡು ಕೃತಿಗಳು ಪಡೆದ ಓದುಗರು ಬೇರೆ, ಪಡೆದ ಮನ್ನಣೆಯ ಬಗೆಯೂ ಬೇರೆ. 'ಯುಗಾಂತ'ಕ್ಕೆ ೧೯೬೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದು ವಿದ್ವತ್ ವಲಯದಲ್ಲಿ ನಿರಂತರವಾಗಿ ಚರ್ಚೆಗೊಳಗಾಯಿತು. 'ಮೃತ್ಯುಂಜಯ'ವಾದರೋ ಮನೆಮನೆಯ ಪುಸ್ತಕವಾಯಿತು. ಆವೃತ್ತಿಯ ಮೇಲೆ ಆವೃತ್ತಿ ಕಂಡಿತು, ಹಿಂದಿಗೆ ಹೋಗಿ ಅಲ್ಲಿಯೂ ಅಪಾರ ಓದುಗರನ್ನು ಗಳಿಸಿತು, ಪಿ. ಲಾಲ್ ಮತ್ತು ನಂದಿನಿ ನೋಪಾನಿ ಅವರ ಇಂಗ್ಲಿಷ್ ಅನುವಾದ ೧೯೮೯ರಲ್ಲಿ ಕಲ್ಕತ್ತೆಯಿಂದ ಹೊರಬಂದಿತು. ೧೯೯೪ರ ಮೂರ್ತಿದೇವಿ ಪ್ರಶಸ್ತಿಯೂ ಅದಕ್ಕೆ ಸಂದಿತು. ಈ ಯಶಸ್ಸಿಗೆ ಕೃತಿ ಅರ್ಹವೇ ಎಂಬ ಪ್ರಶ್ನೆ ಮಾತ್ರ ಅದರ ಬೆನ್ನು ಬಿಡಲಿಲ್ಲ. ಒಂದೇ ಮನೆಯಲ್ಲಿ ಒಬ್ಬರು ಅದನ್ನು ಕಣ್ಣೀರಿನೊಡನೆ ಓದಿ ಮುಗಿಸಿದರೆ ಇನ್ನೊಬ್ಬರು ಅದು ಮಾತಿನ ಮಳೆಯೆಂದು ಪಕ್ಕಕ್ಕಿಡುವುದು ಮರಾಠಿ ಓದುಗವಲಯಕ್ಕೆ ಅಪರಿಚಿತವಲ್ಲ. ಈ ಭಿನ್ನಾಭಿಪ್ರಾಯವನ್ನು ಕೇವಲ ರುಚಿಭೇದವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಒಳಗೆ ಸಾಹಿತ್ಯಮೌಲ್ಯವನ್ನು ಕುರಿತ ಗಂಭೀರ ಪ್ರಶ್ನೆಗಳಿವೆ. ಪಂಪನ ಕರ್ಣನನ್ನು ಬಲ್ಲ ಕನ್ನಡ ಓದುಗರಿಗೆ ಅವು ವಿಶೇಷವಾಗಿ ಸಂಬಂಧಿಸುತ್ತವೆ.

೨

'ಮೃತ್ಯುಂಜಯ' ಶೂನ್ಯದಿಂದ ಹುಟ್ಟಿದ ಕೃತಿಯಲ್ಲ. ವಿ. ಸ. ಖಾಂಡೇಕರರ 'ಯಯಾತಿ' ೧೯೫೯ರಲ್ಲಿ, ಮಾಧವರಾವ್ ಪೇಶ್ವೆಯನ್ನು ಕುರಿತ ರಣಜಿತ್ ದೇಸಾಯಿಯವರ 'ಸ್ವಾಮಿ' ೧೯೬೨ರಲ್ಲಿ ಪ್ರಕಟವಾಗಿದ್ದವು. ಪುರಾಣ ಮತ್ತು ಇತಿಹಾಸಗಳ ಮಹಾವ್ಯಕ್ತಿಗಳನ್ನು ಅಂತರಂಗದ ಕಡೆಯಿಂದ ಕಾಣಿಸುವ, ಭಾವಭರಿತ ಭಾಷೆಯ ಕಾದಂಬರಿಗೆ ಓದುಗರು ಸಿದ್ಧರಾಗಿದ್ದರು. ಹಿಂದಿಯಲ್ಲಿ ದಿನಕರರ 'ರಶ್ಮಿರಥಿ' ೧೯೫೨ರಷ್ಟು ಹಿಂದೆಯೇ ಕರ್ಣನನ್ನು ಕಾವ್ಯನಾಯಕನನ್ನಾಗಿ ಮಾಡಿತ್ತು.

ಇದೇ ಕಾಲದಲ್ಲಿ ಎದುರು ದಿಕ್ಕಿನ ಹರಿವೂ ಪ್ರಬಲವಾಗಿತ್ತು. ಪುಣೆಯಲ್ಲಿ ಓದುವ ಹಳ್ಳಿಯ ತರುಣನೊಬ್ಬನ ಬದುಕನ್ನು ಚಿತ್ರಿಸುವ ಭಾಲಚಂದ್ರ ನೇಮಾಡೆ ಅವರ 'ಕೋಸಲಾ' ೧೯೬೩ರಲ್ಲಿ ಬಂದಿತು. ನೇಮಾಡೆ ಮುಂದೆ ವಿಮರ್ಶಕರಾಗಿ ಮರಾಠಿ ಕಾದಂಬರಿಯ ಇತಿಹಾಸವನ್ನು ಮೂರು ಆದ್ಯಕೃತಿಗಳ ಹೆಸರಿನಲ್ಲಿ ಮೂರು ಪ್ರವೃತ್ತಿಗಳಾಗಿ ವಿಂಗಡಿಸಿದರು: ಸಮಕಾಲೀನ ಸಮಾಜವನ್ನು ಎದುರಿಸುವ 'ಯಮುನಾಪರ್ಯಟನ'ದ (೧೮೫೭) ಪ್ರವೃತ್ತಿ, ಅದ್ಭುತರಮ್ಯವಾದ 'ಮುಕ್ತಾಮಾಲಾ'ದ (೧೮೬೧) ಪ್ರವೃತ್ತಿ, ಗತಕಾಲದ ಕಡೆ ಮುಖಮಾಡಿದ 'ಮೋಚನಗಡ'ದ (೧೮೭೧) ಪ್ರವೃತ್ತಿ. ಇವುಗಳಲ್ಲಿ ಮೊದಲನೆಯದರ ಕಡೆಗೇ ಅವರ ಒಲವು. ಈ ಅಳತೆಗೋಲನ್ನು ಒಪ್ಪಿದ ಓದುಗನಿಗೆ 'ಮೃತ್ಯುಂಜಯ'ದ ಯಶಸ್ಸು ವರ್ತಮಾನದಿಂದ ಪಲಾಯನ ಮಾಡುವ ಮನಸ್ಸಿನ ಲಕ್ಷಣವಾಗಿ ಕಾಣುವುದು ಸಹಜ. ಹೀಗೆ ವಿವಾದಕ್ಕೆ ಬೇಕಾದ ಎರಡು ಪಕ್ಷಗಳೂ ಕಾದಂಬರಿ ಪ್ರಕಟವಾಗುವ ಮೊದಲೇ ಸಿದ್ಧವಾಗಿದ್ದವು.

೩

ಕೃತಿಯ ಮೇಲಿನ ಆಕ್ಷೇಪಗಳನ್ನು ಮೂರು ತೆರನಾಗಿ ವಿಂಗಡಿಸಬಹುದು. ಮೊದಲನೆಯದು ಮೂಲನಿಷ್ಠೆಗೆ ಸಂಬಂಧಿಸಿದ್ದು. ಸ್ವಯಂವರದಲ್ಲಿ ದ್ರೌಪದಿ ಸೂತನನ್ನು ವರಿಸೆನೆಂದು ಕರ್ಣನನ್ನು ನಿರಾಕರಿಸುವ ಪ್ರಸಂಗ ಲೋಕಪ್ರಸಿದ್ಧವಾದುದು. ಕರ್ಣನ ಮುಂದಿನ ನಡತೆಗೆ ಈ ಅವಮಾನವನ್ನು ಕಾರಣವಾಗಿ ತೋರಿಸುವುದು ಜನಪ್ರಿಯ ಕರ್ಣಕಥನಗಳ ರೂಢಿ. ಆದರೆ ಪುಣೆಯ ಸಂಶೋಧಿತ ಆವೃತ್ತಿಯಲ್ಲಿ ಆ ಮಾತು ಮೂಲಪಾಠದಲ್ಲಿ ಸ್ಥಾನ ಪಡೆದಿಲ್ಲ. ಅದು ಪಾಠಾಂತರಗಳ ಸಾಲಿಗೆ ಸೇರಿದೆ. ಆ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡ 'ಯುಗಾಂತ'ವು ಕರ್ಣನನ್ನು ಕರುಣೆಯಿಂದ ಕಂಡರೂ ವೈಭವೀಕರಿಸುವುದಿಲ್ಲ. ತಾನು ಯಾರೆಂಬ ಪ್ರಶ್ನೆಯಲ್ಲಿ ಸಿಲುಕಿದ, ನಿರ್ಣಾಯಕ ಗಳಿಗೆಗಳಲ್ಲಿ ಎಡವಿದ ಮನುಷ್ಯನನ್ನಾಗಿ ಅವನನ್ನು ವಿವೇಚಿಸುತ್ತದೆ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಸಾವಂತರ ಕರ್ಣ ವ್ಯಾಸನ ಕರ್ಣನಲ್ಲ ಎನಿಸುತ್ತದೆ. ಕಾದಂಬರಿಯನ್ನು ಮಾತ್ರ ಓದಿದ ಅಸಂಖ್ಯ ಓದುಗರು ಅವನನ್ನೇ ವ್ಯಾಸನ ಕರ್ಣನೆಂದು ತಿಳಿದುಬಿಡುತ್ತಾರಲ್ಲವೇ ಎಂಬುದು ಈ ಪಕ್ಷದ ನಿಜವಾದ ಆತಂಕ.

ಎರಡನೆಯ ಆಕ್ಷೇಪ ಭಾಷೆಯದು. ಕಾದಂಬರಿ ಒಂಬತ್ತು ಭಾಗಗಳಲ್ಲಿ, ಪಾತ್ರಗಳ ಆತ್ಮಕಥನದ ರೂಪದಲ್ಲಿ ಸಾಗುತ್ತದೆ. ಕರ್ಣನಲ್ಲದೆ ಕುಂತಿ, ದುರ್ಯೋಧನ, ವೃಷಾಲಿ, ಶೋಣ ಮತ್ತು ಕೃಷ್ಣ ಇಲ್ಲಿಯ ನಿರೂಪಕರು. ಇಷ್ಟು ಕಂಠಗಳಿದ್ದರೂ ಕೇಳಿಬರುವ ಧ್ವನಿ ಬಹುಮಟ್ಟಿಗೆ ಒಂದೇ. ಉಪಮೆಗಳಿಂದ ತುಂಬಿದ, ಉನ್ನತ ಸ್ತರದಲ್ಲಿಯೇ ಮಿಡಿಯುವ ಭಾಷೆಯನ್ನು ಅರಸಿಯೂ ಆಡುತ್ತಾಳೆ, ಸಾರಥಿಯ ಮಗನೂ ಆಡುತ್ತಾನೆ. ನಿರೂಪಕ ಬದಲಾದರೂ ನೋಟ ಬದಲಾಗದಿದ್ದರೆ ಬಹುಕಂಠದ ತಂತ್ರಕ್ಕೆ ಪೂರ್ಣ ಸಾರ್ಥಕತೆ ಒದಗುವುದಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆಯೆಂಬುದನ್ನು ಕೃತಿಯ ಅಭಿಮಾನಿಗಳೂ ಅಲ್ಲಗಳೆಯುವುದು ಕಷ್ಟ.

ಮೂರನೆಯದು ಎಲ್ಲಕ್ಕಿಂತ ಆಳವಾದುದು. ಅದು ಹುಟ್ಟಿನ ಪ್ರಶ್ನೆ. 'ಸೂತಪುತ್ರ' ಎಂಬ ನಿಂದೆಯನ್ನು ಹೊತ್ತು ಬಾಳಿದ ಪ್ರತಿಭಾವಂತನ ನೋವು ಈ ಕಾದಂಬರಿಯ ಜೀವಾಳ. ಜಾತಿಯ ಕಾರಣದಿಂದ ಬಾಗಿಲು ಮುಚ್ಚಿಸಿಕೊಂಡವರು, ಶಿಕ್ಷಣದ ಹೊಸ್ತಿಲನ್ನು ಮೊದಲ ಬಾರಿಗೆ ದಾಟಿದ ಕುಟುಂಬಗಳ ಮಕ್ಕಳು ಈ ನೋವಿನಲ್ಲಿ ತಮ್ಮದನ್ನು ಕಂಡುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಕರ್ಣನು ನಿಜವಾಗಿ ಸೂತನಲ್ಲ. ಸೂರ್ಯನ ಮಗ, ಕ್ಷತ್ರಿಯ ಕನ್ಯೆಯ ಗರ್ಭಸಂಜಾತ. ಅವನ ತೇಜಸ್ಸಿನ ಗುಟ್ಟು ಕೊನೆಗೂ ರಕ್ತದಲ್ಲಿಯೇ ಅಡಗಿದೆಯೆಂದಾದರೆ ಈ ಕಥೆ ಹುಟ್ಟಿನ ಶ್ರೇಣಿಯನ್ನು ಪ್ರಶ್ನಿಸುತ್ತದೆಯೋ ಸುತ್ತುದಾರಿಯಿಂದ ಅದನ್ನೇ ಸ್ಥಾಪಿಸುತ್ತದೆಯೋ? ಕುವೆಂಪು ಅವರ 'ಬೆರಳ್‌ಗೆ ಕೊರಳ್' ನಾಟಕದ ಏಕಲವ್ಯನನ್ನು ಇಲ್ಲಿ ನೆನೆಯಬಹುದು. ಅವನ ಹಿಂದೆ ಯಾವ ದೇವತೆಯೂ ಇಲ್ಲ, ಬಯಲಾಗಬೇಕಾದ ಯಾವ ಅರಸು ಮನೆತನವೂ ಇಲ್ಲ. ಅವನ ಬಿಲ್ಗಾರಿಕೆ ಅವನದೇ ಸಾಧನೆ. ಏಕಲವ್ಯನ ಕಥೆ ಓದುಗನನ್ನು ಕೇಳುವಷ್ಟು ನಿಷ್ಠುರವಾದ ಪ್ರಶ್ನೆಯನ್ನು ಕರ್ಣನ ಕಥೆ ಕೇಳುವುದಿಲ್ಲ. ಅದರ ವ್ಯಾಪಕ ಜನಪ್ರಿಯತೆಗೆ ಇದೂ ಒಂದು ಕಾರಣವಿರಬಹುದು. ಅವಮಾನಿತನ ಜೊತೆ ಅಳುವ ಸಂತೋಷವನ್ನೂ ಅವನು ಉತ್ತಮ ಕುಲದವನೇ ಎಂಬ ಸಮಾಧಾನವನ್ನೂ ಅದು ಒಟ್ಟಿಗೆ ಕೊಡುತ್ತದೆ.

೪

ಈ ಆಕ್ಷೇಪಗಳಿಗೆ ಉತ್ತರಗಳಿಲ್ಲದಿಲ್ಲ. ಮೂಲನಿಷ್ಠೆಯ ವಿಷಯದಲ್ಲಿ ಕನ್ನಡದ ಅನುಭವ ಕಾದಂಬರಿಯ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಹತ್ತನೆಯ ಶತಮಾನದ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿ ವ್ಯಾಸನ ಕಥೆಯ ಬುಡವನ್ನೇ ಬದಲಿಸಿದನು. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಕಾವ್ಯ ಕಟ್ಟಿದ ಆ ಕವಿಯೇ ನಾಯಕನ ಪ್ರತಿಪಕ್ಷದವನಾದ ಕರ್ಣನಿಗೆ ತನ್ನ ಹೃದಯದ ಗೌರವವನ್ನು ಸಲ್ಲಿಸಿದನು. ಕುಮಾರವ್ಯಾಸನಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಸಂದರ್ಭ ಕರುಣೆಯ ಶಿಖರಗಳಲ್ಲೊಂದು. ಹೀಗಿರುವಾಗ ಮೂಲವನ್ನು ಮೀರಿದನೆಂಬ ಕಾರಣಕ್ಕೆ ಸಾವಂತರನ್ನು ದೂಷಿಸಿದರೆ ಅದೇ ನ್ಯಾಯ ಪಂಪನಿಗೂ ತಗಲುತ್ತದೆ. ಸಂಶೋಧಿತ ಆವೃತ್ತಿ ಮತ್ತು ಕಾವ್ಯದ ಗುರಿಗಳು ಬೇರೆ. ಲಭ್ಯ ಹಸ್ತಪ್ರತಿಗಳಿಂದ ತಲುಪಬಹುದಾದ ಅತಿ ಹಳೆಯ ಪಾಠವನ್ನು ಹುಡುಕುವುದು ಸಂಪಾದಕನ ಕೆಲಸ. ಆ ಕಥೆಯಿಂದ ತನ್ನ ಕಾಲಕ್ಕೆ ಬೇಕಾದ ಅರ್ಥವನ್ನು ಕಡೆದು ತೆಗೆಯುವುದು ಕವಿಯ ಕೆಲಸ. ಆದ್ದರಿಂದ ಕೇಳಬೇಕಾದುದು ಮೂಲವನ್ನು ಮೀರಿದನೇ ಎಂದಲ್ಲ, ಮೀರಿ ಏನನ್ನು ಪಡೆದನು ಎಂದು.

ಈ ಪ್ರಶ್ನೆಯನ್ನು ಎತ್ತಿದಾಗ ದ್ಯೂತಸಭೆಯೇ ನಿಕಷವಾಗುತ್ತದೆ. ದ್ರೌಪದಿಯ ಅಪಮಾನದಲ್ಲಿ ಕರ್ಣನ ಪಾಲನ್ನು ಯಾವ ಮರುಕಥನವೂ ಮರೆಯುವಂತಿಲ್ಲ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕರ್ಣನೇ ಕೃಷ್ಣನ ಎದುರು, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರ ಬಗೆಗೆ ಆಡಿದ ಕಟುನುಡಿಗಳಿಗಾಗಿ ಪರಿತಪಿಸುತ್ತಾನೆ. ಅಲ್ಲಿ ಆ ಪಶ್ಚಾತ್ತಾಪಕ್ಕೆ ಹಳೆಯ ಅವಮಾನದ ಸಮರ್ಥನೆ ಜೋಡಣೆಯಾಗಿಲ್ಲ. ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಹಿಂದಿನ ಅವಮಾನವನ್ನು ಮುಂದಿನ ಅಪರಾಧಕ್ಕೆ ಕಾರಣವಾಗಿ ಒದಗಿಸಿದಾಗ ಓದುಗನ ಕನಿಕರ ಹೆಚ್ಚುತ್ತದೆ, ಆದರೆ ನಾಯಕನ ನೈತಿಕ ಹೊಣೆ ಹಗುರವಾಗುತ್ತದೆ. ಜನಪ್ರಿಯ ಕಥನವು ಮಹಾಕಾವ್ಯದಿಂದ ಬೇರ್ಪಡುವ ಗೆರೆ ಇದೇ. ಪಂಪನ ಕರ್ಣ ನಮ್ಮ ಗೌರವಕ್ಕೆ ಪಾತ್ರನಾಗುವುದು ನಿರ್ದೋಷಿಯಾದುದರಿಂದಲ್ಲ. ಸೋಲುವ ಪಕ್ಷವೆಂದು ತಿಳಿದೂ ನನ್ನಿಗೆ ಕಟ್ಟುಬಿದ್ದು ನಿಂತುದರಿಂದ.

ಆದರೂ ಈ ಕಾದಂಬರಿಯಲ್ಲಿ ವಿಮರ್ಶೆಯ ಗಮನ ಸಾಲದ ಒಂದು ಶಕ್ತಿಯಿದೆ. ಅದು ಶೋಣನ ನಿರೂಪಣೆ. ಶೋಣ ಅಧಿರಥ ಮತ್ತು ರಾಧೆಯರ ಸ್ವಂತ ಮಗ, ಕರ್ಣನ ತಮ್ಮ. ಅವನಿಗೆ ಕವಚಕುಂಡಲಗಳಿಲ್ಲ, ಸೂರ್ಯನ ರಕ್ಷೆಯಿಲ್ಲ. ಅಣ್ಣನನ್ನು ಪ್ರೀತಿಸುವುದರ ಹೊರತು ಅವನಿಗೆ ಬೇರೆ ಹೆಗ್ಗಳಿಕೆಯಿಲ್ಲ. ವೃಷಾಲಿಯೂ ಸೂತಕುಲದವಳೇ. ಹುಟ್ಟಿನ ಪ್ರಶ್ನೆಯಲ್ಲಿ ಕಾದಂಬರಿ ತೋರುವ ದ್ವಂದ್ವಕ್ಕೆ ಉತ್ತರ ದೊರೆಯುವುದಿದ್ದರೆ ಈ ಇಬ್ಬರಲ್ಲಿ ದೊರೆಯಬೇಕು. ಭಾಷೆಯ ವೈಭವ ಇವರ ಕಂಠವನ್ನು ಅಷ್ಟಿಷ್ಟು ಮುಚ್ಚಿದರೂ, ನಿಜವಾದ ಸೂತರಿಗೆ ಮಹಾಭಾರತವನ್ನು ಹೇಳುವ ಅಧಿಕಾರ ಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಸೂತರೇ ಮಹಾಭಾರತದ ಪ್ರಾಚೀನ ಕಥನಕಾರರೆಂಬುದನ್ನು ನೆನೆದರೆ ಇದರ ಔಚಿತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ.

೫

ಕರ್ಣನ ಕಥೆಗೆ ಪುಣೆಯಲ್ಲಿಯೇ ಒದಗಿದ ಮತ್ತೊಂದು ಮುಖಾಮುಖಿ ಕನ್ನಡದ್ದು. ಎಸ್. ಎಲ್. ಭೈರಪ್ಪನವರ 'ಪರ್ವ' ೧೯೭೯ರಲ್ಲಿ ಪ್ರಕಟವಾಯಿತು. ಅದನ್ನು ಮರಾಠಿಗೆ ತಂದವರು ಬೆಳಗಾವಿಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಉಮಾ ಕುಲಕರ್ಣಿ. ಅವರ ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪಠ್ಯವನ್ನು ಓದಿ ಹೇಳುವುದು, ಅದನ್ನು ಕೇಳಿ ಇವರು ಮರಾಠಿಯಲ್ಲಿ ಬರೆಯುವುದು ಅವರ ಅನುವಾದದ ಕ್ರಮವಾಗಿತ್ತು. 'ವಂಶವೃಕ್ಷ'ದ ಅನುವಾದಕ್ಕಾಗಿ ೧೯೮೯ರ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಅವರಿಗೆ ಸಂದಿತು. 'ಮೃತ್ಯುಂಜಯ'ವನ್ನು ಓದಿದ ಮರಾಠಿ ಓದುಗರ ಕೈಗೆ ಹೀಗೆ ಅದಕ್ಕೆ ತೀರ ಭಿನ್ನವಾದ ಮಹಾಭಾರತವೊಂದು ಬಂದಿತು. 'ಪರ್ವ'ದಲ್ಲಿಯೂ ಪಾತ್ರಗಳು ತಮ್ಮ ನೆನಪುಗಳಲ್ಲಿಯೇ ಕಥೆಯನ್ನು ಬಿಚ್ಚುತ್ತವೆ. ಆದರೆ ಅಲ್ಲಿ ವರ, ಶಾಪ, ದಿವ್ಯಾಸ್ತ್ರಗಳೆಲ್ಲ ಕಳಚಿಬಿದ್ದು ಹಸಿವು, ಕಾಮ, ಮುಪ್ಪು, ಸಾವುಗಳು ಮಾತ್ರ ಉಳಿಯುತ್ತವೆ. ಆ ಮನೋಧರ್ಮದಲ್ಲಿ ಅದು 'ಯುಗಾಂತ'ಕ್ಕೆ ಹತ್ತಿರ.

ಗಮನಿಸಬೇಕಾದುದೆಂದರೆ 'ಪರ್ವ'ವೂ ಮರಾಠಿಯಲ್ಲಿ ಜನಪ್ರಿಯವಾಯಿತು. ಒಬ್ಬ ಓದುಗನೇ ಎರಡನ್ನೂ ಮೆಚ್ಚಬಲ್ಲನು. ಜನಪ್ರಿಯ ಕೃತಿಯ ಓದುಗರು ಸಿಹಿಯನ್ನಷ್ಟೇ ಬಯಸುವ ಜನ ಎಂಬ ವಿಮರ್ಶಕರ ಊಹೆಯನ್ನು ಈ ಒಂದು ಸಂಗತಿ ಸಡಿಲಿಸುತ್ತದೆ. ಭೈರಪ್ಪನವರ (೧೯೩೧-೨೦೨೫) ಜನಪ್ರಿಯತೆ ಮತ್ತು ಕೃತಿಮೌಲ್ಯಗಳ ಸಂಬಂಧವೂ ಕನ್ನಡದಲ್ಲಿ ದಶಕಗಳ ಕಾಲ ಚರ್ಚೆಯಾಯಿತು. ೨೦೦೭ರಲ್ಲಿ 'ಆವರಣ' ಬಂದಾಗ ಅದು ತಾರಕಕ್ಕೇರಿತು. ಅಲ್ಲಿಯೂ ಮಾರಾಟದ ಸಂಖ್ಯೆಯನ್ನು ಒಂದು ಪಕ್ಷ ಶ್ರೇಷ್ಠತೆಯ ಪ್ರಮಾಣವೆಂದೂ ಇನ್ನೊಂದು ಪಕ್ಷ ಅದರ ಅಭಾವಕ್ಕೆ ಸಾಕ್ಷಿಯೆಂದೂ ಬಳಸಿದ್ದುಂಟು. ಸಂಖ್ಯೆ ಇವೆರಡೂ ಅಲ್ಲ. ಒಂದು ಸಮಾಜದ ಒಳಗೆ ಯಾವುದೋ ಬಾಯಾರಿಕೆಯಿತ್ತು, ಅದನ್ನು ಒಂದು ಕೃತಿ ಗುರುತಿಸಿತು ಎಂಬಷ್ಟನ್ನೇ ಅದು ಹೇಳುತ್ತದೆ. ಆ ಬಾಯಾರಿಕೆ ಯಾವುದು, ಕೃತಿ ಅದನ್ನು ತಣಿಸಿದ ಬಗೆ ಎಂಥದು ಎಂಬುದನ್ನು ವಿಮರ್ಶೆಯೇ ಹೇಳಬೇಕು.

ಈ ದೃಷ್ಟಿಯಿಂದ ನೋಡಿದಾಗ 'ಮೃತ್ಯುಂಜಯ'ದ ಯಶಸ್ಸು ಪೂರ್ತಿ ಅರ್ಹವೂ ಅಲ್ಲ, ಪೂರ್ತಿ ಅನರ್ಹವೂ ಅಲ್ಲ ಎಂದು ನಡುದಾರಿ ಹಿಡಿದರೆ ಸಾಲದು. ಎಲ್ಲಿ ಅರ್ಹ, ಎಲ್ಲಿ ಅಲ್ಲ ಎಂದು ನಿರ್ದಿಷ್ಟವಾಗಿ ಹೇಳುವುದು ಅಗತ್ಯ. ಹುಟ್ಟಿನ ಅವಮಾನವನ್ನು ಲಕ್ಷಾಂತರ ಜನ ತಮ್ಮದೆಂದು ಅನುಭವಿಸುವಂತೆ ಮಾಡಿದುದರಲ್ಲಿ, ಮಹಾಭಾರತವನ್ನು ಪಂಡಿತರ ಪೀಠದಿಂದ ಸಾಮಾನ್ಯ ಓದುಗನ ಮನೆಗೆ ತಂದುದರಲ್ಲಿ, ಶೋಣ-ವೃಷಾಲಿಯರಿಗೆ ಬಾಯಿ ಕೊಟ್ಟುದರಲ್ಲಿ ಅದರ ಯಶಸ್ಸು ನ್ಯಾಯವಾದುದು. ಎಲ್ಲ ಕಂಠಗಳಿಗೂ ಒಂದೇ ನುಡಿವೇಷ ತೊಡಿಸಿದುದರಲ್ಲಿ, ನಾಯಕನ ಹೊಣೆಯನ್ನು ಕನಿಕರದಲ್ಲಿ ಕರಗಿಸಿದುದರಲ್ಲಿ ಅದು ಸುಲಭದ ಗೆಲುವು. ಮೆಚ್ಚಿದವರು ಕಂಡುದೂ ನಿಜ, ಒಪ್ಪದವರು ಕಂಡುದೂ ನಿಜ. ಅವರು ನೋಡುತ್ತಿರುವುದು ಕೃತಿಯ ಬೇರೆ ಬೇರೆ ಭಾಗಗಳನ್ನು. ಕನ್ನಡ ವಿದ್ಯಾರ್ಥಿಯು ಪಂಪನ ಕೊನೆಯ ಆಶ್ವಾಸಗಳು, 'ಯುಗಾಂತ', 'ಮೃತ್ಯುಂಜಯ' ಮತ್ತು 'ಪರ್ವ'ಗಳನ್ನು ಒಟ್ಟಿಗೆ ಇಟ್ಟುಕೊಂಡು ಕರ್ಣನನ್ನು ಅನುಸರಿಸಿದರೆ, ಒಂದು ಕಾದಂಬರಿಯನ್ನು ಕುರಿತ ಈ ಜಗಳವು ಸಾವಿರ ವರ್ಷಗಳಿಂದ ನಡೆದುಬಂದ ಒಂದು ವಿಚಾರಣೆಯ ಈಚಿನ ಅಧ್ಯಾಯವೆಂಬುದು ತಾನಾಗಿಯೇ ಮನದಟ್ಟಾಗುತ್ತದೆ.