ಯೆಹೂದ್ಯರ ಮಂದಿರವು ವಾಚನಾಲಯವಾದುದು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ವಾಚಕರಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಕಣ್ಣಾರೆ ಕಂಡವರು ವಿರಳ. ಅದಕ್ಕೆ ಸಿನಗಾಗ್ ಎಂದು ಹೆಸರು. ಅಂಥ ಒಂದು ಮಂದಿರವು ಊರವರ ವಾಚನಾಲಯವಾದ ಸಂಗತಿಯನ್ನು ಇಂದು ಹೇಳಬೇಕೆಂದಿದ್ದೇವೆ. ದೂರದ ಹಂಗೇರಿಯ ಗೊಡವೆ ನಮಗೇತಕ್ಕೆನ್ನುವವರು ತುಸು ತಾಳಬೇಕೆಂದು ವಿನಂತಿ.

ಹಂಗೇರಿ ದೇಶದ ದಕ್ಷಿಣಕ್ಕೆ, ಡ್ಯಾನ್ಯೂಬ್ ನದಿಯ ಬಳಿ, ಬಾಯಾ ಎಂಬ ವ್ಯಾಪಾರದ ಊರಿದೆ. 1840ರಲ್ಲಿ ಊರಿಗೆ ಬೆಂಕಿ ಬಿದ್ದ ತರುವಾಯ, 1842ರಿಂದ 1845ರ ವರೆಗೆ ಅಲ್ಲಿಯ ಯೆಹೂದ್ಯರು ಗ್ರೀಕರ ಮಾದರಿಯ ಕಂಬಗಳುಳ್ಳ ಭವ್ಯ ಮಂದಿರವನ್ನು ಕಟ್ಟಿಸಿದರು. ನೂರು ವರ್ಷ ಪ್ರಾರ್ಥನೆ ನಡೆಯಿತು. 1944ರ ಮಾರ್ಚಿಯಲ್ಲಿ ಜರ್ಮನರು ಹಂಗೇರಿಯನ್ನು ಆಕ್ರಮಿಸಿದರು. ಮೇ ತಿಂಗಳಿಂದ ಜುಲೈ ವರೆಗೆ, ಎಂಟೇ ವಾರಗಳಲ್ಲಿ, ಆ ದೇಶದ ನಾಲ್ಕು ಲಕ್ಷಕ್ಕೂ ಮಿಕ್ಕ ಯೆಹೂದ್ಯರನ್ನು ಸಾಮಾನಿನ ಡಬ್ಬಿಗಳಲ್ಲಿ ತುಂಬಿ, ಬಹುಮಟ್ಟಿಗೆ ಆಶ್ವಿಟ್ಸ್ ಎಂಬ ಕೊಲೆಗಾಣಕ್ಕೆ ಕಳುಹಿಸಲಾಯಿತು. ಅದಕ್ಕೆ ಹಂಗೇರಿಯ ಅಧಿಕಾರಿಗಳೇ ಕೈಗೂಡಿಸಿದರೆಂಬುದನ್ನು ಅಧಿಕಾರದಲ್ಲಿರುವ ನಮ್ಮ ವಾಚಕರು ಲಕ್ಷಿಸಬೇಕು. ಬಾಯಾದ ಯೆಹೂದ್ಯರಿಗೂ ಅದೇ ಗತಿಯಾಯಿತು. ಅಳಿದುಳಿದ ಕೆಲವರಿಂದ ಅಷ್ಟು ದೊಡ್ಡ ಕಟ್ಟಡವನ್ನು ಕಾಯುವದಾಗಲಿಲ್ಲ.

ಕಟ್ಟಡವನ್ನು ದುರಸ್ತಿ ಮಾಡಿಸಿ, 1985ರಲ್ಲಿ ಅಲ್ಲಿ ಕವಿ ಆಡಿ ಎಂಡ್ರೆಯವರ ಹೆಸರಿನ ನಗರ ವಾಚನಾಲಯವನ್ನು ತೆರೆದರು. ಧರ್ಮಗ್ರಂಥದ ಸುರುಳಿಗಳನ್ನಿಡುತ್ತಿದ್ದ ಗರ್ಭಸ್ಥಾನವನ್ನು ಮಾತ್ರ ಕೀಳಲಿಲ್ಲ. ಅದು ತನ್ನ ಸ್ಥಳದಲ್ಲಿಯೇ ಇದೆ. ಅಂಗಳದಲ್ಲಿ ಮಡಿದವರ ಸ್ಮಾರಕವಿದೆ. ಪುಸ್ತಕಕ್ಕಾಗಿ ಬಂದ ಬಾಲಕನು ಇದಾರ ಮನೆಯೆಂಬುದನ್ನು ಅರಿಯದೆ ಹಿಂದಿರುಗುವಂತಿಲ್ಲ.

ಇದು ಆ ಧರ್ಮದ ಶಾಸ್ತ್ರಕ್ಕೂ ವಿರೋಧವಲ್ಲ. ಹನ್ನೆರಡನೆಯ ಶತಮಾನದ ಪಂಡಿತ ಮೈಮೊನಿಡೀಸನು ಪ್ರಾರ್ಥನಾಮಂದಿರವನ್ನು ಅಧ್ಯಯನಶಾಲೆ ಮಾಡಬಹುದು, ಅಧ್ಯಯನಶಾಲೆಯನ್ನು ಪ್ರಾರ್ಥನಾಮಂದಿರ ಮಾಡಲಾಗದು ಎಂದು ವಿಧಿಸಿದ್ದಾನೆ. ಓದಿನ ಮನೆಯೇ ಮೇಲೆಂಬ ಭಾವ! ಯುರೋಪಿನ ಯೆಹೂದ್ಯರು ಆಡುಮಾತಿನಲ್ಲಿ ಮಂದಿರವನ್ನು 'ಶೂಲ್', ಅಂದರೆ ಶಾಲೆ, ಎಂದೇ ಕರೆಯುತ್ತಿದ್ದರು.

ನಮ್ಮ ನೆರೆಯ ಕೇರಳದಲ್ಲಿಯೂ ಇಂಥ ಹೊಣೆ ಬಂದಿತ್ತು. ಮಾಳ ಎಂಬ ಊರಿನ ಯೆಹೂದ್ಯರು 1955ರಲ್ಲಿ ಇಸ್ರೇಲಿಗೆ ಹೊರಡುವಾಗ, ಮಂದಿರವನ್ನೂ ಸ್ಮಶಾನವನ್ನೂ ಕಾಪಾಡಬೇಕೆಂಬ ಕರಾರಿನ ಮೇಲೆ ಪಂಚಾಯತಿಗೆ ಒಪ್ಪಿಸಿದರು. ಮುಂದೆ ಸ್ಮಶಾನದ ನೆಲದಲ್ಲಿ ಕ್ರೀಡಾಂಗಣ ಮಾಡಹೋಗಿ ತಕರಾರೆದ್ದಿತು. ಕರಾರು ಬರೆದುಕೊಂಡವರು ತೀರಿಹೋಗಬಹುದು, ಕರಾರು ತೀರದು. ಹಳೆಯ ಮಠವನ್ನೋ ಛತ್ರವನ್ನೋ ವಾಚನಾಲಯಕ್ಕೆ ಪಡೆಯುವ ನಮ್ಮ ಪಂಚಾಯತಿಗಳು ಕಟ್ಟಿಸಿದವರ ಹೆಸರಿನ ಮೇಲೆ ಸುಣ್ಣ ಬಳಿಯದಿರಲಿ.

ದೇವರ ಮನೆ, ಪುಸ್ತಕದ ಮನೆ ಎಂಬ ಭೇದವು ನಮ್ಮ ಸೀಮೆಗೂ ಹಳೆಯದಲ್ಲ. ಕಲಬುರಗಿ ಜಿಲ್ಲೆಯದೇ ಆದ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ, ದೇವಾಲಯದೊಡನೆಯೇ ಘಟಿಕಾಸ್ಥಾನವಿತ್ತು. 1058ರ ಶಾಸನವು ಅಲ್ಲಿ ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳನ್ನು ಹೇಳಿ, ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀಭಂಡಾರಿಗರನ್ನು ನೇಮಿಸಿದ್ದನ್ನೂ ಬರೆದಿದೆ. ಇಂದು ನಮ್ಮ ಗ್ರಾಮಪಂಚಾಯತಿಯ ಗ್ರಂಥಾಲಯಕ್ಕೆ ಇರುವವರು ಒಬ್ಬ ಮೇಲ್ವಿಚಾರಕರು.