ನೇಗಿಲ ಸಾಲಿನಿಂದೆದ್ದ ಗುರು

ಜನಕರಾಜನಿಗೆ ನೇಗಿಲ ಸಾಲಿನಲ್ಲಿ ಸೀತೆ ದೊರೆತ ಕಥೆಯನ್ನು ಅರಿಯದವರು ನಮ್ಮಲ್ಲಿಲ್ಲ. ದೂರದ ಇಟಲಿಯಲ್ಲಿಯೂ ಅಂತಹುದೊಂದು ಕಥೆಯುಂಟು. ಅಲ್ಲಿ ಮಣ್ಣಿನಿಂದೆದ್ದವನು ಒಬ್ಬ ಬಾಲಕ. ಎದ್ದವನೇ ಉಪದೇಶಕ್ಕೆ ತೊಡಗಿದನು.

ರೋಮಿನ ವಾಯವ್ಯಕ್ಕೆ ತಾರ್ಕ್ವಿನಿಯ ಎಂಬ ಊರಿದೆ. ರೋಮ್ ಪ್ರಬಲವಾಗುವ ಮುನ್ನ ಆ ಸೀಮೆಯಲ್ಲಿ ಬಾಳಿ ಬೆಳಗಿದವರು ಎಟ್ರಸ್ಕನರು. ಅಲ್ಲಿ ರೈತನೊಬ್ಬನು ಹೊಲ ಉಳುತ್ತಿದ್ದಾಗ ಕುಳವು ಎಂದಿಗಿಂತ ಆಳಕ್ಕಿಳಿಯಿತಂತೆ. ಸಾಲಿನೊಳಗಿನಿಂದ ಟೇಜಿಸ್ ಎದ್ದು ನಿಂತನು. ರೂಪ ಬಾಲಕನದು, ಜ್ಞಾನ ಮುದುಕನದು! ಬೆಚ್ಚಿದ ರೈತನು ಕೂಗಿಕೊಂಡನು. ಸ್ವಲ್ಪ ಕಾಲದಲ್ಲಿಯೇ ಎಟ್ರೂರಿಯ ದೇಶವೆಲ್ಲ ಆ ಹೊಲದಲ್ಲಿ ನೆರೆಯಿತು. ಬಾಲಕನು ನುಡಿದುದನ್ನು ಜನರು ಬರೆದಿಟ್ಟುಕೊಂಡರು. ಬಲಿಪಶುವಿನ ಯಕೃತ್ತನ್ನು ನೋಡಿ ದೇವತೆಗಳ ಇಂಗಿತವನ್ನು ಅರಿಯುವ ವಿದ್ಯೆ ಅದು.

ಇದನ್ನು ನಮಗೆ ವಿವರವಾಗಿ ತಿಳಿಸುವವನು ರೋಮಿನ ವಾಗ್ಮಿ ಸಿಸೆರೊ, ಕ್ರಿ. ಪೂ. 44ರಲ್ಲಿ, ಭವಿಷ್ಯಜ್ಞಾನವನ್ನು ಕುರಿತ ತನ್ನ ಗ್ರಂಥದಲ್ಲಿ. ಹಕ್ಕಿಶಕುನ ನೋಡುವ ರಾಜ್ಯಾಧಿಕಾರ ಸ್ವತಃ ಅವನಿಗೇ ಇದ್ದಿತು. ಆದರೂ ಕಥೆ ಹೇಳಿ ಅವನು ನಗುತ್ತಾನೆ. ಟೇಜಿಸ್ ದೇವರಾದರೆ ಮಣ್ಣಿನಲ್ಲೇಕೆ ಅಡಗಿದ್ದನು? ಮನುಷ್ಯನಾದರೆ ಮಣ್ಣಿನಡಿಯಲ್ಲಿ ಹೇಗೆ ಬದುಕಿದ್ದನು?

ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರ ಹೇಳಬೇಕಾದವರ ದನಿಯೇ ಅಡಗಿಹೋಯಿತು. ಅವರ ನಾಡನ್ನು ರೋಮ್ ನುಂಗಿತು. ನುಡಿಯನ್ನು ಲ್ಯಾಟಿನ್ ನುಂಗಿತು. ಚಕ್ರವರ್ತಿ ಕ್ಲಾಡಿಯಸ್ ಅವರ ಚರಿತ್ರೆಯನ್ನು 20 ಸಂಪುಟಗಳಲ್ಲಿ ಬರೆದನು, ಒಂದೂ ಉಳಿಯಲಿಲ್ಲ. ಟೇಜಿಸನ ಹೆಸರಿನ ಗ್ರಂಥಗಳೂ ಉಳಿಯಲಿಲ್ಲ. ಎಟ್ರಸ್ಕನ್ ಶಾಸನಗಳ ಅಕ್ಷರಗಳನ್ನು ಇಂದು ಓದಬಹುದು; ಅರ್ಥ ಮಾತ್ರ ಅಲ್ಲಲ್ಲಿ ಮಿಂಚಿ ಮರೆಯಾಗುತ್ತದೆ. ನಂಬಿದವರ ಪುಸ್ತಕ ಅಳಿಯಿತು, ನಕ್ಕವನ ಪುಸ್ತಕ ಉಳಿಯಿತು. ಒಂದು ಭಾಷೆಯ ಸಾವೆಂದರೆ ಇದೇ ಅಲ್ಲವೆ?

ಆದರೂ ಮಣ್ಣು ಎಲ್ಲವನ್ನೂ ಬಚ್ಚಿಟ್ಟುಕೊಳ್ಳಲಿಲ್ಲ. 1877ರಲ್ಲಿ ಉತ್ತರ ಇಟಲಿಯ ಪಿಯಾಚೆಂಜ ನಗರದ ಬಳಿ ಉಳುತ್ತಿದ್ದ ರೈತನೊಬ್ಬನಿಗೆ ಕಂಚಿನ ತುಂಡೊಂದು ಸಿಕ್ಕಿತು. ಗೇಣಿಗಿಂತ ಚಿಕ್ಕದಾದ ಅದು ಕುರಿಯ ಯಕೃತ್ತಿನ ಪ್ರತಿಕೃತಿ! ಮೈತುಂಬ ಮನೆಗಳನ್ನು ಕೊರೆದು ಎಟ್ರಸ್ಕನ್ ಲಿಪಿಯಲ್ಲಿ ದೇವತೆಗಳ ಹೆಸರುಗಳನ್ನು ಬರೆದಿದೆ. ಅಂಚಿನಲ್ಲಿರುವ ಮನೆಗಳು 16. ಎಟ್ರಸ್ಕನರು ಆಕಾಶವನ್ನು ವಿಂಗಡಿಸಿದ್ದುದೂ 16 ಭಾಗಗಳಾಗಿಯೇ.

ಟೇಜಿಸನ ಪಾಠದ ಒಂದು ಪುಟ, ಮತ್ತೊಮ್ಮೆ ನೇಗಿಲ ಸಾಲಿನಿಂದಲೇ ಮೇಲೆದ್ದು ಬಂದಿತು.